ಸೀಮಂತದ ಮುಳ್ಳು

ನನ್ನ ಅಣ್ಣನ ಮಗನನ್ನು ನನ್ನ ಸೊಸೆಯೇ ಜೀಪು ಹತ್ತಿಸಿದಳು. ಅದೂ ನಮ್ಮ ಮನೆಯ ಅಂಗಳದಿಂದ, ನನ್ನ ಕಣ್ಣೆದುರಿಗೆ, ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು. ಈ ಸುದ್ದಿ ತೀರ್ಥಹಳ್ಳಿಯಿಂದ ಹೊಸನಗರಕ್ಕೆ ಜೀಪಿಗಿಂತ ಬೇಗ ಓಡಿತು. ಅಲ್ಲಿಗೆ ಮುಟ್ಟುವಷ್ಟರಲ್ಲಿ ಅದಕ್ಕೆ ರೆಕ್ಕೆಪುಕ್ಕ ಬಂದು, ಸೊಸೆ ಸೌಜನ್ಯ ಹುಡುಗನ ಕೆನ್ನೆಗೆ ಬಾರಿಸಿದಳೆಂದೂ ನಾನು ಅವಳ ಕಾಲಿಗೆ ಬಿದ್ದು ಅತ್ತೆನೆಂದೂ ಸೇರಿಕೊಂಡಿತ್ತು. ಅಳುವುದು ನನ್ನ ಜಾಯಮಾನವಲ್ಲ. ಸೊಸೆಯ ಕಾಲಿಗೆ ಬೀಳುವುದಂತೂ ಅಲ್ಲವೇ ಅಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ, ಆಮೇಲೆ ಯಾರು ಏನು ಬೇಕಾದರೂ ಆಡಿಕೊಳ್ಳಲಿ.

ಮೊದಲು ಮುಳ್ಳಿನ ವಿಷಯ. ನಮ್ಮಲ್ಲಿ ಸೀಮಂತವೆಂದರೆ ಬಳೆ ತೊಡಿಸಿ, ಚಿತ್ರಾನ್ನ ತಿಂದು, ಫೋಟೋ ತೆಗೆಸಿಕೊಂಡು ಏಳುವುದಲ್ಲ. ಗಂಡನಾದವನು ಬಸುರಿ ಹೆಂಡತಿಯ ಬೈತಲೆಯನ್ನು ಹಣೆಯಿಂದ ಹಿಂದಕ್ಕೆ ಬಿಡಿಸಬೇಕು. ಬಿಡಿಸುವುದು ಮುಳ್ಳುಹಂದಿಯ ಮುಳ್ಳಿನಿಂದ. ಅದರಲ್ಲಿ ಮೂರು ಕಡೆ ಬಿಳಿ ಪಟ್ಟೆ ಇರಬೇಕು. ಅಂಥದ್ದೊಂದು ಮುಳ್ಳು ನಮ್ಮ ಮನೆಯಲ್ಲಿತ್ತು. ಯಾರೂ ಪ್ರಾಣಿಯನ್ನು ಕೊಂದು ತಂದದ್ದಲ್ಲ, ನಮ್ಮ ಅತ್ತೆಯವರಿಗೆ ಬಿಲದ ಬಾಯಲ್ಲಿ ಉದುರಿ ಬಿದ್ದದ್ದು ಸಿಕ್ಕಿತ್ತು. ಊರವರು ಅದನ್ನು ‘ಕೃಷ್ಣಯ್ಯನವರ ಮನೆ ಮುಳ್ಳು’ ಎನ್ನುತ್ತಾರೆ. ಕೃಷ್ಣಯ್ಯನವರೆಂದರೆ ನಮ್ಮ ಯಜಮಾನರು. ಪೌರೋಹಿತ್ಯ ಅವರದು, ಮಂತ್ರ ಅವರದು, ಹೆಸರೂ ಅವರದು. ಮುಳ್ಳಿಗೆ ಎಣ್ಣೆ ಸವರಿ, ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ದೇವರ ಕೋಣೆಯ ಡಬ್ಬಿಯಲ್ಲಿ ಕಾಪಾಡಿದವಳು ನಾನು. ಆದರೆ ‘ಸೀತಮ್ಮನ ಮುಳ್ಳು’ ಎಂದು ಒಬ್ಬರೂ ಅನ್ನಲಿಲ್ಲ!

ಎಲ್ಲಿಗೆ ಹೋಗಿಲ್ಲ ಅದು? ಸಾಗರಕ್ಕೆ ಹೋಗಿದೆ, ಆನಂದಪುರಕ್ಕೆ ಹೋಗಿದೆ, ಒಂದು ಸಲ ಘಟ್ಟ ಇಳಿದು ಉಡುಪಿಯವರೆಗೂ ಹೋಗಿ ಬಂದಿದೆ. ಒಯ್ದವರು ಬಾಳೆಹಣ್ಣು, ರವಿಕೆ ಕಣದ ಜೊತೆ ವಾಪಸು ತಂದುಕೊಡುತ್ತಿದ್ದರು. ತರುವಾಗ, ‘ನಿಮ್ಮ ಮುಳ್ಳು ಮುಟ್ಟಿದ ಮೇಲೆ ಹೆರಿಗೆ ಹೂವೆತ್ತಿದ ಹಾಗಾಯಿತು’ ಎನ್ನುತ್ತಿದ್ದರು. ನಾನು ಮುಖ ಗಂಟಿಕ್ಕಿಕೊಂಡು ಡಬ್ಬಿ ಒಳಗಿಡುತ್ತಿದ್ದೆ. ಗಂಟಿಕ್ಕಿಕೊಳ್ಳದಿದ್ದರೆ ಹಿಗ್ಗು ಹೊರಗೆ ಕಾಣುತ್ತಿತ್ತಲ್ಲ.

ಅಂಥ ಮುಳ್ಳನ್ನು ಈ ವರ್ಷ ಒಂದು ಇಲಿ ಕಡಿದು ಹಾಕಿತು. ನನ್ನ ಮಗ ಹರ್ಷನ ಹೆಂಡತಿ ಬಸುರಿಯಾಗಿ, ಸೀಮಂತಕ್ಕೆ ದಿನ ಗೊತ್ತುಮಾಡಿ, ನಾನು ಡಬ್ಬಿ ತೆಗೆದು ನೋಡುತ್ತೇನೆ, ಮೊನೆಯೇ ಇಲ್ಲ! ಮೊದಲನೆಯ ಬಿಳಿ ಪಟ್ಟೆಯ ತನಕ ತಿಂದುಬಿಟ್ಟಿತ್ತು. ಆ ಇಲಿಗೆ ಅಡುಗೆಮನೆಯಲ್ಲಿ ಕೊಬ್ಬರಿ ಸಿಗಲಿಲ್ಲವೇ, ಹಪ್ಪಳ ಸಿಗಲಿಲ್ಲವೇ? ಊರಿನ ಬಸುರಿಯರ ತಲೆ ಮುಟ್ಟಿದ ಮುಳ್ಳೇ ಬೇಕಾಯಿತೇ?

“ದರ್ಭೆಯಲ್ಲಿ ಬಿಡಿಸಿದ್ರಾಯ್ತು ಮಾರಾಯ್ತಿ,” ಎಂದರು ನಮ್ಮ ಯಜಮಾನರು. “ಶಾಸ್ತ್ರದಲ್ಲಿ ಅದನ್ನೂ ಹೇಳಿದೆ. ಅತ್ತಿಕಾಯಿ ಗೊಂಚಲೂ ಜೊತೆಗೆ ಇರ್ತದಲ್ಲ.”

“ನೀವು ಸುಮ್ನಿರಿ. ಊರಿಗೆಲ್ಲ ಮುಳ್ಳು ಕೊಟ್ಟ ಮನೆ ಇದು. ನಮ್ಮನೆ ಸೊಸೆಗೇ ಇಲ್ಲ ಅಂದ್ರೆ ನಾಲ್ಕು ಜನ ಎಂಥ ಹೇಳ್ತಾರೆ?”

ಈ ಮಾತಿಗೆ ಸೊಸೆ ಒಳಗಿನಿಂದ ಬಂದಳು. ಅವಳ ಬಗ್ಗೆಯೂ ಹೇಳಬೇಕು. ಸೌಜನ್ಯ ಆನಂದಪುರದ ಕಡೆಯ ಶಾಲೆ ಮೇಷ್ಟರ ಮಗಳು. ಅರಣ್ಯ ಇಲಾಖೆಯಲ್ಲಿ ಫಾರೆಸ್ಟರ್. ಮೈಮೇಲೆ ಖಾಕಿ, ಭುಜದ ಮೇಲೆ ನಕ್ಷತ್ರ. ಅಪ್ಪ ಪಾಠ ಮಾಡುತ್ತಿದ್ದ ಶಾಲೆಯ ಮೈದಾನದಲ್ಲಿ ದಿನಾ ಬೆಳಿಗ್ಗೆ ಓಡಿ ಓಡಿ, ಓಟದ ಪರೀಕ್ಷೆ ಪಾಸು ಮಾಡಿ ಹಿಡಿದ ಕೆಲಸ. ಮದುವೆಯಾದ ಹೊಸತರಲ್ಲಿ ಪೂಜೆಯ ದಿನವೂ ಬೂಟು ಹಾಕಿಕೊಂಡು ಹೋಗುತ್ತಿದ್ದಳು. ನಾನು ಪಾತ್ರೆಗಳನ್ನು ಜೋರಾಗಿ ಇಡುತ್ತಿದ್ದೆ. ಅವಳು ‘ಹೋಗಿ ಬರ್ತೀನಿ ಅತ್ತೆ’ ಎಂದು ನಗುತ್ತಲೇ ಹೋಗುತ್ತಿದ್ದಳು. ಜಗಳಕ್ಕೆ ಸಿಗದ ಹುಡುಗಿಯ ಜೊತೆ ಎಷ್ಟು ದಿನ ಜಗಳವಾಡುವುದು?

ಅವಳು ಡಬ್ಬಿಯೊಳಗೆ ಇಣುಕಿ ನೋಡಿದಳು. ಅವಳ ಮುಖ ಕಳೆಗುಂದಿತು.

“ಅತ್ತೆ, ಇದು ಮನೇಲಿ ಇರೋ ಹಾಗಿಲ್ಲ. ಈಗ ಮುಳ್ಳುಹಂದಿ ಹಿಡಿದ್ರೂ ಕೇಸು, ಅದರ ಮುಳ್ಳು ಇಟ್ಕೊಂಡ್ರೂ ಕೇಸು. ಆಫೀಸಿಗೆ ಒಪ್ಪಿಸಿಬಿಡಿ.”

“ನಿನ್ನ ಕಾನೂನು ಹುಟ್ಟೋ ಮೊದ್ಲೇ ಈ ಮುಳ್ಳು ಈ ಮನೇಲಿತ್ತು,” ಎಂದೆ.

“ಹೌದು. ಅದಕ್ಕೇ ನಾನು ಹೋಗಿ ಕೊಡಲ್ಲ. ನೀವೇ ಕೊಡ್ಬೇಕು.”

ಅಷ್ಟು ಹೇಳಿ ಬೂಟು ಹಾಕಿಕೊಂಡಳು. ನಾನು ಡಬ್ಬಿಯ ಮುಚ್ಚಳ ಟಪ್ಪನೆ ಮುಚ್ಚಿದೆ. ಅಮ್ಮನ ಎದುರು ಅಮ್ಮನಿಗೂ ಹೆಂಡತಿಯ ಎದುರು ಹೆಂಡತಿಗೂ ತಲೆಯಾಡಿಸುವ ನನ್ನ ಮಗ ಹರ್ಷ, ಅವತ್ತು ಯಾರ ಕಡೆ ಆಡಿಸುವುದೆಂದು ತಿಳಿಯದೆ ತಾನು ಕೆಲಸ ಮಾಡುವ ಕಾಲೇಜಿಗೆ ಬೇಗ ಹೊರಟುಹೋದ.

ಇನ್ನು ಮುಳ್ಳುಹಂದಿಯ ವಿಷಯ. ಅದು ದೂರದ ಕಾಡಿನದ್ದಲ್ಲ. ನಮ್ಮ ಹಿತ್ತಿಲಿನ ಹಿಂದಿರುವ ಬೆಟ್ಟದಲ್ಲಿ, ಹಲಸಿನ ಮರದ ಬುಡದ ಕಡಿದಾದ ಮಣ್ಣಿನ ಧರೆಯಲ್ಲೇ ಅದರ ಬಿಲ. ಹಗಲೆಲ್ಲ ಒಳಗೆ ಮಲಗಿದ್ದು, ಕತ್ತಲಾದ ಮೇಲೆ ನನ್ನ ಸುವರ್ಣಗೆಡ್ಡೆಯ ಸಾಲಿಗೆ ಊಟಕ್ಕೆ ಬರುತ್ತಿತ್ತು. ಬಂದರೆ ಒಂದು ಗೆಡ್ಡೆ ಪೂರ್ತಿ ತಿಂದು ಹೋಗುವ ಸ್ವಭಾವವೂ ಅದಕ್ಕಿಲ್ಲ. ಇದನ್ನು ಅರ್ಧ, ಅದನ್ನು ಅರ್ಧ. ಮದುವೆ ಮನೆಯಲ್ಲಿ ಎಲೆ ತುಂಬ ಬಡಿಸಿಕೊಂಡು ಬಿಟ್ಟೇಳುವವರ ಹಾಗೆ. ನಾನು ದಿನಾ ಬೆಳಿಗ್ಗೆ ಗುಂಡಿ ನೋಡಿ ಅದಕ್ಕೆ ಸಹಸ್ರನಾಮ ಮಾಡುತ್ತಿದ್ದೆ. ಸೌಜನ್ಯ ಮರಕ್ಕೊಂದು ಕ್ಯಾಮೆರಾ ಕಟ್ಟಿ, ಅದರಲ್ಲಿ ಬಂದ ಚಿತ್ರವನ್ನು ಫೋನಿನಲ್ಲಿ ತೋರಿಸಿ, ‘ನೋಡಿ ಅತ್ತೆ, ನಿಮ್ಮ ನೆಂಟ್ರು’ ಎನ್ನುತ್ತಿದ್ದಳು. ಅದು ಬಸುರಿಯೋ ಬಾಣಂತಿಯೋ ಎಂಬುದೂ ಅವಳಿಗೆ ಗೊತ್ತಾಗುತ್ತಿತ್ತು. ಎರಡು ಮರಿ ಹಾಕಿದೆ ಎಂದು ಹೇಳಿದವಳೂ ಅವಳೇ.

ಮೊನೆ ಹೋದ ಮುಳ್ಳಿನ ಸಂಕಟವನ್ನು ನಾನು ಫೋನಿನಲ್ಲಿ ನನ್ನ ತವರಿಗೆ ಹೇಳಿಕೊಂಡಿದ್ದೆ. ಹೊಸನಗರದಲ್ಲಿರುವ ನನ್ನ ಅಣ್ಣ ಶ್ರೀನಾಥ ಕೇಳಿಸಿಕೊಂಡು, ‘ಛೆ ಛೆ’ ಎಂದು ಫೋನಿಟ್ಟ. ಅವನ ಮಗ ಮಧುಸೂದನ ಪಕ್ಕದಲ್ಲೇ ಕೂತಿದ್ದನಂತೆ. ಮೊಬೈಲ್ ಅಂಗಡಿ ಇಟ್ಟುಕೊಂಡಿರುವ ಹುಡುಗ, ಕೆಟ್ಟವನಲ್ಲ. ಕರೆದರೆ ಬರುತ್ತಾನೆ, ಕರೆಯದಿದ್ದರೂ ಬರುತ್ತಾನೆ. ಅತ್ತೆಗೆ ಹೊಸ ಮುಳ್ಳು ತಂದುಕೊಟ್ಟು ಸೈ ಅನಿಸಿಕೊಳ್ಳಬೇಕೆಂದು ಅವನ ತಲೆಗೆ ಹೊಕ್ಕಿತು. ಮುಳ್ಳಿನ ಮೊನೆ ಹೋಯಿತು ಎಂದು ನಾನು ಹೇಳಿದ್ದು ನಿಜ. ಬಿಲಕ್ಕೆ ಹೊಗೆ ಹಾಕು ಎಂದು ಹೇಳಿದ್ದೆನೇ?

ಅವನು ಇಬ್ಬರು ಗೆಳೆಯರನ್ನು ಕಟ್ಟಿಕೊಂಡು, ಬೈಕುಗಳನ್ನು ಬೆಟ್ಟದ ಆಚೆ ಬದಿಗೆ ನಿಲ್ಲಿಸಿ, ನಮಗೆ ಸುಳಿವು ಕೊಡದೆ ಬಂದ. ಬಿಲಕ್ಕೆ ಮೂರು ಬಾಯಿ. ಕೆಳಗಿನ ಬಾಯಲ್ಲಿ ಒಣಹುಲ್ಲು, ಒಣಮೆಣಸು ಹಾಕಿ ಬೆಂಕಿ ಕೊಟ್ಟರು. ನಡುವಿನ ಬಾಯಿಗೆ ಕಲ್ಲು ಜಡಿದರು. ಮೇಲಿನ ಬಾಯಿಗೆ ಬಲೆ ಕಟ್ಟಿ ಕಾದು ನಿಂತರು. ಹೊಗೆ ತಡೆಯಲಾರದೆ ಪ್ರಾಣಿ ಬಲೆಗೆ ಬರಬೇಕು, ಅದು ಲೆಕ್ಕಾಚಾರ.

ಸೌಜನ್ಯ ಅವತ್ತು ಊಟಕ್ಕೆಂದು ಜೀಪಿನಲ್ಲಿ ಮನೆಗೆ ಬಂದಿದ್ದಳು. ಜೊತೆಗೆ ಡ್ರೈವರೂ ಗಾರ್ಡ್ ಕುಮಾರನೂ ಇದ್ದರು. ನಾನು ಎಲೆ ಹಾಕುತ್ತಿದ್ದೆ. ಅವಳು ಕೈ ತೊಳೆಯಲು ಹಿತ್ತಿಲಿಗೆ ಹೋದವಳು ಒಮ್ಮೆ ಗಾಳಿಯನ್ನು ಮೂಸಿದಳು. ಆಮೇಲೆ ನನಗೂ ಮೆಣಸಿನ ಘಾಟು ಬಡಿಯಿತು.

“ಅತ್ತೆ, ನೀರು ತಗೊಂಡ್ ಬನ್ನಿ!” ಎಂದು ಕೂಗಿ ಅವಳು ಬೆಟ್ಟ ಹತ್ತಿಯೇಬಿಟ್ಟಳು.

ಆ ಹೊಟ್ಟೆ ಹೊತ್ತುಕೊಂಡು ಹತ್ತುವ ಏರಲ್ಲ ಅದು. ನಾನು ಕೊಡಪಾನ ಎತ್ತಿಕೊಂಡು, ಬಾಯಿಗೆ ಬಂದ ಹಾಗೆ ಬೈಯುತ್ತ ಹಿಂದೆ ಓಡಿದೆ. ಹೋಗಿ ನೋಡಿದರೆ ಕುಮಾರ ಹುಲ್ಲನ್ನು ಒದ್ದು ಚೆಲ್ಲುತ್ತಿದ್ದಾನೆ. ಸೊಸೆ ನಡುವಿನ ಬಾಯಿಯ ಮುಂದೆ ನೆಲದ ಮೇಲೆ ಕೂತು, ಜಡಿದ ಕಲ್ಲುಗಳನ್ನು ಬರಿಗೈಯಲ್ಲಿ ಕಿತ್ತೆಸೆಯುತ್ತಿದ್ದಾಳೆ. ನಾನು ಬೆಂಕಿಗೆ ನೀರು ಸುರಿದೆ. ಧರೆಯ ಒಳಗಿನಿಂದ ಗುರುಗುಟ್ಟುವ ಸದ್ದೂ, ಒಣ ಕಡ್ಡಿಯ ಕಟ್ಟನ್ನು ಅಲ್ಲಾಡಿಸಿದಂಥ ಸದ್ದೂ ಬರುತ್ತಿತ್ತು.

“ಹಿಂದೆ ಸರೀರಿ ಎಲ್ರೂ,” ಎಂದು ಅವಳು ಕೊನೆಯ ಕಲ್ಲು ತೆಗೆದು ಪಕ್ಕಕ್ಕೆ ಉರುಳಿದಳು.

ಮೊದಲು ಬಂದದ್ದು ತಾಯಿ. ಮೈಯ ಮುಳ್ಳೆಲ್ಲ ನಿಮಿರಿಸಿಕೊಂಡು ಇದ್ದದ್ದಕ್ಕಿಂತ ಎರಡರಷ್ಟು ದೊಡ್ಡದಾಗಿತ್ತು. ಬಿಲದ ಬಾಯಲ್ಲಿ ಒಂದು ಗಳಿಗೆ ನಿಂತು ನಮ್ಮನ್ನೆಲ್ಲ ದುರುಗುಟ್ಟಿ ನೋಡಿತು. ಅದರ ಬೆನ್ನಿಗೇ ಎರಡು ಮರಿಗಳು ಸೀನುತ್ತ ಬಂದವು. ಮೂರೂ ಸಾಲಾಗಿ ಲಂಟಾನದ ಪೊದೆಗೆ ನುಗ್ಗಿ ಮರೆಯಾದವು. ನಾನು ಅಷ್ಟು ವರ್ಷ ಅದನ್ನು ಬೈದಿದ್ದೆನೇ ಹೊರತು ಹಗಲು ಬೆಳಕಿನಲ್ಲಿ ನೋಡಿರಲಿಲ್ಲ. ಅಬ್ಬಾ, ಎಂಥ ಗತ್ತು ಅದರದು! ನನಗೆ ಖುಷಿಯಾಯಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಬಲೆ ಹಿಡಿದು ನಿಂತಿದ್ದ ಮಧುಸೂದನನಿಗೆ ಇನ್ನೂ ತಾನು ಮಾಡಿದ್ದು ಏನೆಂದು ಹೊಳೆದಿರಲಿಲ್ಲ.

“ಅತ್ತಿಗೇ, ನಿಮ್ ಸೀಮಂತಕ್ಕೇ ಅಲ್ವಾ ನಾವು ಬಂದಿದ್ದು! ಹೊಸ ಮುಳ್ಳು ತಂದ್ಕೊಡಣ ಅಂತ...”

ಸೌಜನ್ಯ ಕುಮಾರನ ಕೈ ಹಿಡಿದು ಎದ್ದು ನಿಂತಳು. ಅವಳ ಬೆರಳುಗಳಲ್ಲಿ ರಕ್ತ ಜಿನುಗುತ್ತಿತ್ತು.

“ಗೊತ್ತಾಯ್ತು ಮಧು. ನಡಿ, ಜೀಪು ಹತ್ತು.”

“ಅತ್ತೇ, ನೀವಾದ್ರೂ ಹೇಳಿ!” ಎಂದು ಅವನು ನನ್ನ ಕಡೆ ತಿರುಗಿದ.

ನಾನು ಹೇಳಿದ್ದು ಒಂದೇ ಮಾತು, ಎಲ್ಲರೂ ಊಟ ಮಾಡಿ ಹೋಗಿ ಎಂದು. ಕೇಸಿರಲಿ ಬಿಡಲಿ, ಹೊತ್ತಿನ ಊಟಕ್ಕೆ ನಮ್ಮ ಮನೆಯಿಂದ ಯಾರೂ ಹಸಿದುಕೊಂಡು ಹೋದದ್ದಿಲ್ಲ. ಹಿಡಿದವರೂ ಸಿಕ್ಕಿಬಿದ್ದವರೂ ಜಗಲಿಯಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಂಡರು. ಮಧುಸೂದನ ಅಳುತ್ತಲೇ ಎರಡು ಸಲ ಸಾರು ಹಾಕಿಸಿಕೊಂಡ. ಆಮೇಲೆ ಜೀಪು ಹೋಯಿತು.

ಮರುದಿನ ಮಧ್ಯಾಹ್ನ ಅಣ್ಣ ಬಂದ. ಕಾಲು ತೊಳೆಯಲಿಲ್ಲ, ಕಾಫಿ ಮುಟ್ಟಲಿಲ್ಲ. ಜಗಲಿಯಲ್ಲಿ ನಿಂತೇ ಮಾತು ತೆಗೆದ.

“ಸೀತೆ, ತವರು ಬೇಕಾ ಬೇಡ್ವಾ ನಿಂಗೆ? ಹುಡ್ಗ ಒಂದು ಪ್ರಾಣೀನೂ ಕೊಂದಿಲ್ಲ, ಏನೂ ಇಲ್ಲ. ಕೇಸು ಬಿಡ್ಸೋಕೆ ಹೇಳು ನಿನ್ನ ಸೊಸೆಗೆ.”

“ಕೇಸು ಅವ್ಳದ್ದಲ್ಲ ಅಣ್ಣಾ, ಸರ್ಕಾರದ್ದು.”

“ಓಹೋ! ಹಾಗಾದ್ರೆ ನಿಮ್ಮ ದೇವರ ಕೋಣೇಲಿರೋ ಮುಳ್ಳು ಯಾರದ್ದು? ಅದಕ್ಕೆ ಕೇಸಿಲ್ವಾ? ನಾಡಿದ್ದರೊಳಗೆ ನನ್ನ ಮಗನ್ನ ಬಿಡಿಸ್ಲಿಲ್ಲ ಅಂದ್ರೆ, ಫಾರೆಸ್ಟರಮ್ಮನ ಮನೇಲೇ ಮುಳ್ಳಿದೆ ಅಂತ ಮೇಲಿನವರಿಗೆ ಬರೀತೀನಿ. ಅವಳ ಕೆಲಸ ಉಳೀತದಾ ನೋಡ್ತೀನಿ.”

ನನ್ನ ಒಡಹುಟ್ಟಿದವನ ಬಾಯಲ್ಲಿ ಇಂಥ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅಂಗಳದಿಂದ ಸೌಜನ್ಯಳ ದನಿ ಬಂತು. ಅವಳು ಯಾವಾಗ ಬಂದು ನಿಂತಿದ್ದಳೋ, ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ನೀವು ಬರೆಯೋ ತೊಂದ್ರೆ ತಗೋಬೇಡಿ ಮಾವ. ನಾಳೆ ನಾನೇ ಬರೆದು ಕೊಡ್ತೀನಿ, ನಮ್ಮನೇಲಿ ಮುಳ್ಳಿದೆ ಅಂತ. ಮಧು ಕೇಸು ಮಾತ್ರ ಹಾಗೇ ಇರ್ತದೆ.”

ಅಣ್ಣ ಚಪ್ಪಲಿ ಮೆಟ್ಟಿ ಹೊರಟುಹೋದ.

ಅವಳು ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. ಕಾಲು ಬಾತಿದ್ದವು. ಬೆರಳಿಗೆ ಪಟ್ಟಿ ಸುತ್ತಿದ್ದಳು. ‘ಕೆಲಸ ಹೋದ್ರೆ?’ ಎಂದು ನಾನು ಕೇಳಿದೆ. ‘ಮತ್ತೆ ಓಡ್ತೀನಿ ಅತ್ತೆ, ಮಗು ಆದ್ಮೇಲೆ’ ಎಂದು ನಗಲು ನೋಡಿದಳು. ನಗು ಬರಲಿಲ್ಲ. ಅವಳ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು. ಮುಳ್ಳು ಒಪ್ಪಿಸಿ ಎಂದು ನನಗೆ ಹೇಳಿ, ನಾನೇ ಒಪ್ಪಿಸಲಿ ಎಂದು ಇಷ್ಟು ದಿನ ಕಾದಿದ್ದಳು. ನನಗೆ ಮರ್ಯಾದೆ ಕೊಟ್ಟದ್ದಕ್ಕೆ ಈಗ ಅವಳ ಕೆಲಸಕ್ಕೇ ಸಂಚಕಾರ ಬಂದಿತ್ತು.

ಬೆಳಿಗ್ಗೆ ಅವಳು ಏಳುವ ಮೊದಲೇ ನಾನು ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡೆ. ‘ಎಲ್ಲಿಗೆ?’ ಎಂದು ಯಜಮಾನರು ಕೇಳಿದರು. ‘ತೀರ್ಥಹಳ್ಳಿ ಪೇಟೆಗೆ. ಬರೋದಾದ್ರೆ ಬನ್ನಿ, ತಡೆಯೋದಾದ್ರೆ ಬೇಡ’ ಎಂದೆ. ಅವರು ಶಾಲು ಹೊದ್ದು ಹಿಂದೆ ಬಂದರು. ಒಳ್ಳೆಯವರು ಅವರು, ಎದುರಿಗೆ ಹೇಳಿ ಅಭ್ಯಾಸವಿಲ್ಲ ನನಗೆ.

ರೇಂಜ್ ಆಫೀಸಿನ ಬಾಗಿಲು ಆಗಷ್ಟೇ ತೆರೆದಿದ್ದರು. ರೇಂಜರ್ ಸಾಹೇಬರು ಹರ್ಷನಿಗಿಂತ ಚಿಕ್ಕವರು.

“ಏನಾಗ್ಬೇಕಿತ್ತಮ್ಮಾ?”

“ನನ್ನ ಮೇಲೊಂದು ಕೇಸು ಹಾಕ್ಬೇಕಿತ್ತು.”

ಅವರು ಪೆನ್ನು ಕೆಳಗಿಟ್ಟರು. ನಾನು ಡಬ್ಬಿ ತೆರೆದು, ರೇಷ್ಮೆ ಬಟ್ಟೆ ಬಿಚ್ಚಿ, ಮುಳ್ಳನ್ನು ಮೇಜಿನ ಮೇಲಿಟ್ಟೆ. ಅದು ಎಲ್ಲಿಂದ ಬಂತು, ಯಾವ್ಯಾವ ಊರಿಗೆ ಹೋಯಿತು, ಎಷ್ಟು ಮನೆಯ ಹೆಣ್ಣುಮಕ್ಕಳ ತಲೆ ಮುಟ್ಟಿತು, ಇಲಿ ಕಡಿದದ್ದು ಎಲ್ಲಿ, ಎಲ್ಲ ಹೇಳಿದೆ.

“ನೀವು ಸೌಜನ್ಯ ಮೇಡಂ ಅತ್ತೆ ಅಲ್ವಾ?”

“ಅದು ಆಮೇಲೆ. ಮೊದ್ಲು ಬರ್ಕೊಳ್ಳಿ. ಮುಳ್ಳು ಇಟ್ಕೊಂಡವಳು ನಾನು. ಒಪ್ಸು ಅಂತ ನನ್ನ ಸೊಸೆ ಹೇಳಿದ್ಲು, ನಾನು ಕೇಳ್ಲಿಲ್ಲ. ಜೈಲಿಗೆ ಹಾಕೋದಾದ್ರೆ ಸೀಮಂತ ಮುಗಿದ ಮೇಲೆ ಹಾಕಿ. ಅಡುಗೆಗೆ ಜನ ಸಾಲಲ್ಲ.”

ಸಾಹೇಬರು ನಗಲಿಲ್ಲ. ಎದ್ದು ನಿಂತು ನನಗೊಂದು ಕುರ್ಚಿ ಹಾಕಿಸಿದರು. ನಾನಾಗಿಯೇ ತಂದು ಒಪ್ಪಿಸಿದೆನೆಂದು ಬರೆದುಕೊಂಡು, ಕೋರ್ಟು ಹೇಳಿದಂತೆ ಆಗುತ್ತದೆ ಎಂದರು. ಸಹಿ ಹಾಕಿದೆ. ‘ಸೀತಮ್ಮ’ ಎಂದು, ದೊಡ್ಡ ಅಕ್ಷರದಲ್ಲಿ. ಹೊರಗೆ ಬಂದಾಗ ಸೌಜನ್ಯ ಮೆಟ್ಟಿಲ ಕೆಳಗೆ ನಿಂತಿದ್ದಳು. ಅವಳ ಕೈಯಲ್ಲಿ ಬರೆದ ಕಾಗದವಿತ್ತು. ನಾನು ಖಾಲಿ ಚೀಲ ಕೊಡವಿ ತೋರಿಸಿದೆ. ಅವಳು ಎಲ್ಲರ ಎದುರಿಗೇ ನನ್ನನ್ನು ತಬ್ಬಿಕೊಂಡಳು. ಖಾಕಿಯ ಗುಂಡಿ ನನ್ನ ಕೆನ್ನೆಗೆ ಒತ್ತಿತು. ‘ಸಾಕು ಬಿಡು, ಜನ ನೋಡ್ತಾರೆ’ ಎಂದೆ. ಬಿಡಲಿಲ್ಲ.

ಅದಾಗಿ ಕೆಲವು ದಿನ ಬೆಟ್ಟದಲ್ಲಿ ಸದ್ದೇ ಇರಲಿಲ್ಲ. ಹೊಗೆಗೆ ಹೆದರಿ ಪ್ರಾಣಿಗಳು ಊರು ಬಿಟ್ಟವೇನೋ ಎಂದು ನನಗೆ ಚಿಂತೆಯಾಗಿತ್ತು. ಯಾರಿಗೂ ಹೇಳಿರಲಿಲ್ಲ. ಸೀಮಂತದ ವಾರವೇ ಒಂದು ಬೆಳಿಗ್ಗೆ ನೋಡಿದರೆ ಸುವರ್ಣಗೆಡ್ಡೆಯ ಸಾಲಿನಲ್ಲಿ ಮೂರು ಹೊಸ ಗುಂಡಿ! ಒಂದು ದೊಡ್ಡದು, ಎರಡು ಚಿಕ್ಕವು. ‘ಸೌಜನ್ಯಾ, ಬಂದಿದಾವೆ ಬಾರೇ!’ ಎಂದು ನಾನು ಕೂಗಿದ ಕೂಗಿಗೆ ಯಜಮಾನರು ಸಂಧ್ಯಾವಂದನೆ ಅರ್ಧಕ್ಕೆ ಬಿಟ್ಟು ಓಡಿಬಂದರು.

ಸೀಮಂತದ ದಿನ ಮನೆ ತುಂಬಿತ್ತು. ಸಾಗರದವರು, ಆನಂದಪುರದವರು, ಆ ಮುಳ್ಳು ಮುಟ್ಟಿದ ಮನೆಗಳವರು ಎಷ್ಟೋ ಜನ. ನನ್ನ ತವರಿನವರು ಮಾತ್ರ ಬಂದಿರಲಿಲ್ಲ. ನಾನು ಬಾಗಿಲ ಕಡೆ ನೋಡುವುದಿಲ್ಲ ಎಂದು ಹಟ ಹಿಡಿದು ಬಾಗಿಲನ್ನೇ ನೋಡುತ್ತಿದ್ದೆ. ಯಜಮಾನರು ದರ್ಭೆಯನ್ನು ಜೋಡಿಸಿಕೊಂಡು ‘ಅತ್ತಿಕಾಯಿ ಎಲ್ಲಿ?’ ಎಂದರು. ಹರ್ಷ ಮರೆತಿದ್ದ. ತಲೆಯಾಡಿಸಿದ.

ಅಷ್ಟರಲ್ಲಿ ಮಧುಸೂದನ ಒಬ್ಬನೇ ಒಳಗೆ ಬಂದ. ಜಾಮೀನಿನ ಮೇಲೆ ಹೊರಗಿದ್ದ. ಕೈಯಲ್ಲಿ ಅತ್ತಿಕಾಯಿಯ ಇಷ್ಟು ದೊಡ್ಡ ಗೊಂಚಲು. ನೆಟ್ಟಗೆ ಸೌಜನ್ಯಳ ಮುಂದೆ ಹೋಗಿ ನಿಂತ.

“ಅತ್ತಿಗೆ, ಇದಕ್ಕೆ ಕೇಸಿಲ್ಲ ಅಲ್ದಾ?”

ಸುತ್ತ ಕೂತವರೆಲ್ಲ ನಕ್ಕುಬಿಟ್ಟರು. ಸೌಜನ್ಯಳೂ ನಕ್ಕಳು. ನಕ್ಕು ಗೊಂಚಲು ಇಸಿದುಕೊಂಡು, “ಇಲ್ಲ. ಆದ್ರೆ ಕೋರ್ಟಿನ ತಾರೀಖು ತಪ್ಪಿಸ್ಬೇಡ ಮಧು,” ಎಂದಳು. “ಬರ್ತೀನಿ ಅತ್ತಿಗೆ,” ಎಂದ. ಸೀಮಂತದ ಮಣೆಯ ಮೇಲೆ ಕೂತೂ ಒಂದಿಂಚು ಸಡಿಲ ಬಿಡದ ಹೆಣ್ಣು!

ಹರ್ಷ ದರ್ಭೆಯನ್ನೂ ಗೊಂಚಲನ್ನೂ ಹಿಡಿದು ಬೈತಲೆಗೆ ಕೈ ಹಾಕುವುದಕ್ಕೂ, ಮುಂದಿನ ಸಾಲಿನಲ್ಲಿ ಕೂತಿದ್ದ ಸಾಗರದ ಹಿರಿಯಮ್ಮ ಬಾಯಿ ತೆರೆಯುವುದಕ್ಕೂ ಸರಿಹೋಯಿತು. ಅವರ ಇಬ್ಬರು ಸೊಸೆಯರಿಗೂ ಮುಳ್ಳು ಹೋದದ್ದು ನಮ್ಮ ಮನೆಯಿಂದಲೇ.

“ಇದೆಂಥದು ಸೀತಮ್ಮಾ, ಊರಿಗೆಲ್ಲ ಕೊಟ್ಟೋರು ನಿಮ್ಮ ಸೊಸೆಗೇ ಇಲ್ವಾ? ಮುಳ್ಳೆಲ್ಲಿ?”

ಮಂತ್ರ ನಿಂತಿತು. ಎಲ್ಲರೂ ನನ್ನ ಮುಖ ನೋಡಿದರು. ಯಾವ ಮಾತಿಗೆ ಅಷ್ಟು ದಿನ ಹೆದರಿದ್ದೆನೋ ಅದೇ ಮಾತು. ನಾನು ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತೆ.

“ಬೆಟ್ಟದಲ್ಲಿದೆ,” ಎಂದೆ, ಕೊನೆಯ ಸಾಲಿಗೂ ಕೇಳುವ ಹಾಗೆ. “ಜೀವಂತ ಇದೆ. ಒಂದಲ್ಲ, ಮೈ ತುಂಬ ಇದೆ. ಎರಡು ಮಕ್ಕಳನ್ನು ಕಟ್ಕೊಂಡು ಓಡಾಡ್ತಿದೆ. ನನ್ನ ಸೊಸೆ ಈ ಹೊಟ್ಟೆ ಹೊತ್ಕೊಂಡು ಬೆಟ್ಟ ಹತ್ತಿ, ಬರಿಗೈಯಲ್ಲಿ ಕಲ್ಲು ಕಿತ್ತು ಉಳಿಸಿದ್ದು ಅದು. ಇದಕ್ಕಿಂತ ದೊಡ್ಡ ಮುಳ್ಳು ಯಾರ ಮನೇಲಾದ್ರೂ ಇದ್ರೆ ಹೇಳಿ!”

ಸಾಗರದ ಹಿರಿಯಮ್ಮ ಕಣ್ಣೊರೆಸಿಕೊಂಡರು. ನಾನು ಮುಖ ಗಂಟಿಕ್ಕಿಕೊಳ್ಳಲು ನೋಡಿದೆ, ಆಗಲಿಲ್ಲ. “ಮುಂದುವರ್ಸಿ ಮತ್ತೆ, ಮುಹೂರ್ತ ಮೀರ್ತದೆ,” ಎಂದು ನಮ್ಮ ಯಜಮಾನರಿಗೆ ಗದರಿದೆ.